ಕೈಗಳ ಮಾತು, ನಮ್ಮ ಜಾಣಕಿವುಡು

ಕನ್ನಡದಲ್ಲಿ ಜಾಣಕಿವುಡು ಎಂಬ ಮಾತೊಂದಿದೆ. ಕಿವಿ ಚೆನ್ನಾಗಿದ್ದೂ ಕೇಳಿಸದವರಂತೆ ಇದ್ದುಬಿಡುವುದು ಎಂದು ಅದರ ಅರ್ಥ. ಸಾಲ ಕೊಟ್ಟವನು ಬಾಗಿಲಲ್ಲಿ ನಿಂತು ಕೂಗಿದಾಗ, ಮುಪ್ಪಿನ ತಾಯಿ ಒಳಮನೆಯಿಂದ ನೀರು ಕೇಳಿದಾಗ, ಬೀದಿಯಲ್ಲಿ ಬಡವನೊಬ್ಬ ಏಟು ತಿನ್ನುತ್ತಿರುವಾಗ ನಮ್ಮಲ್ಲಿ ಅನೇಕರಿಗೆ ಈ ಕಿವುಡು ಬರುತ್ತದೆ. ನಿಜವಾದ ಕಿವುಡಿಗೆ ವೈದ್ಯರು ಹಲವು ಕಾರಣ ಹೇಳುತ್ತಾರೆ: ಹುಟ್ಟಿನಿಂದ ಬಂದದ್ದು, ಕಿವಿ ಸೋರಿ ಬಂದದ್ದು, ಮಿದುಳುಜ್ವರದಿಂದ ಬಂದದ್ದು, ವಯಸ್ಸಾಗಿ ಬಂದದ್ದು. ಜಾಣಕಿವುಡಿಗೆ ಕಾರಣ ಒಂದೇ. ಕೇಳಿಸಿಕೊಂಡರೆ ಏನಾದರೂ ಮಾಡಬೇಕಾಗುತ್ತದೆ.

ಕಿವಿ ಕೇಳದೆ ಕೈಗಳಿಂದ ಮಾತಾಡುವವರ ಆರೋಗ್ಯದ ಬಗ್ಗೆ ಯೋಚಿಸಲು ಹೊರಟರೆ ಮೊದಲು ಎದುರಾಗುವುದು ಈ ಜಾಣಕಿವುಡೇ. ನಾವು ಬಳಸುವ ಪದಗಳಲ್ಲಿಯೇ ಅದು ಕುಳಿತಿದೆ. ಕನ್ನಡದಲ್ಲಿ ಕಿವುಡ-ಮೂಗ, ಉರ್ದುವಿನಲ್ಲಿ ಗೂಂಗಾ-ಬಹರಾ. ಎರಡೂ ಭಾಷೆಗಳಲ್ಲಿ ಈ ಪದಗಳು ಜೋಡೆತ್ತಿನಂತೆ ಒಟ್ಟಿಗೇ ಬರುತ್ತವೆ. ಕಿವಿ ಕೇಳದವನಿಗೆ ಹೇಳುವುದಕ್ಕೂ ಏನೂ ಇಲ್ಲ ಎಂದು ಜೋಡಿಪದ ಮೊದಲೇ ತೀರ್ಪು ಕೊಟ್ಟುಬಿಡುತ್ತದೆ. ಎಷ್ಟೋ ಹಳ್ಳಿಗಳಲ್ಲಿ ಕಿವುಡ ಮಗುವಿಗೆ ತಂದೆತಾಯಿ ಇಟ್ಟ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದು, ಊರಿನ ಬಾಯಲ್ಲಿ ಅದು ಜೀವಮಾನವಿಡೀ ಮೂಗ, ಮೂಗಿ ಎಂದೇ ಆಗಿರುತ್ತದೆ. ಹೀಗೆ ಹೆಸರನ್ನೇ ಕಳೆದುಕೊಂಡವರು ಕಾಯಿಲೆ ಬಿದ್ದಾಗ ನಾವೆಲ್ಲ ಸೇರಿ ಅವರಿಗೆ ಒಳ್ಳೆಯದು ಮಾಡಲು ಹೊರಡುತ್ತೇವೆ. ಆಗ ಏಳುವ ಪ್ರಶ್ನೆ ಇದು: ಒಬ್ಬರ ಮಾತನ್ನು ಕೇಳದೆ ಅವರಿಗೆ ಒಳ್ಳೆಯದು ಮಾಡಲು ಸಾಧ್ಯವೇ? ಮಾಡಿದರೂ ಅದು ಒಳ್ಳೆಯದೆನಿಸಿಕೊಳ್ಳುತ್ತದೆಯೇ?

ಈ ಪ್ರಶ್ನೆಯನ್ನು ಗಾಳಿಯಲ್ಲಿ ಬಿಡದೆ ಒಂದು ಊರಿನ ನೆಲದ ಮೇಲಿಟ್ಟು ನೋಡೋಣ. ಬೆಂಗಳೂರಿನಿಂದ ಹೊರಟು ಹಳೆ ಮದ್ರಾಸು ರಸ್ತೆಯ ಬೂದಿಗೆರೆ ಕ್ರಾಸಿನಲ್ಲಿ ಎಡಕ್ಕೆ ಹೊರಳಿದರೆ ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆ ಸಿಗುತ್ತದೆ. 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ದಾರಿಯ ರಾಗಿ ಹೊಲಗಳ, ದ್ರಾಕ್ಷಿ ತೋಟಗಳ ಮಗ್ಗುಲಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ಇಲ್ಲಿನ ಮುಸ್ಲಿಮರ ಮನೆಮಾತು ದಖನಿ ಉರ್ದು, ಬೀದಿಮಾತು ಕನ್ನಡ. ತೆಲುಗು, ತಮಿಳು ಕೂಡ ಅಷ್ಟಿಷ್ಟು ನಡೆಯುತ್ತವೆ. ಬಿಹಾರದಿಂದ ಕಟ್ಟಡದ ಕೆಲಸಕ್ಕೆ ಬಂದವನ ಹಿಂದಿಯನ್ನೂ ಅಂಗಡಿಯವರು ಆರು ತಿಂಗಳಲ್ಲಿ ಕಲಿತುಬಿಡುತ್ತಾರೆ. ಇಷ್ಟು ಭಾಷೆಗಳಿಗೆ ಜಾಗ ಇರುವ ಕಡೆ ಕೈಗಳ ಭಾಷೆಯೊಂದಕ್ಕೆ ಮಾತ್ರ ಜಾಗ ಸಿಕ್ಕಿಲ್ಲ.

ಇಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುವ, ಹುಟ್ಟಿನಿಂದ ಕಿವಿ ಕೇಳದ ಹೆಣ್ಣುಮಗಳೊಬ್ಬರನ್ನು ನಾವು ಬಲ್ಲೆವು. ವಯಸ್ಸು ಮೂವತ್ತರ ಆಸುಪಾಸು. ಹೆಸರು ಬೇಡ. ಕಿಬ್ಬೊಟ್ಟೆ ನೋವೆಂದು ಅಣ್ಣ, ಭಾಬಿ ಇಬ್ಬರೂ ಅವರನ್ನು ವೈದ್ಯರ ಬಳಿ ಕರೆದುಕೊಂಡು ಹೋದರು. ಎಷ್ಟು ದಿನದಿಂದ ಎಂದು ವೈದ್ಯರು ಭಾಬಿಯನ್ನು ಕೇಳಿದರು. ಒಂದು ವಾರದಿಂದ ಸಾರ್, ಊಟ ಸರಿಯಾಗಿ ಮಾಡಲ್ಲ ಎಂದು ಭಾಬಿ ಹೇಳಿದರು. ಆಕೆ ಕೈಯಾಡಿಸಿ ಏನೋ ಹೇಳಲು ಹೋದರು. ಎದುರಿಗೆ ಅಣ್ಣ ನಿಂತಿದ್ದರಿಂದ ಅರ್ಧಕ್ಕೆ ಕೈ ಕೆಳಗಿಟ್ಟರು. ಗ್ಯಾಸಿನ ಮಾತ್ರೆ ಬಂತು. ನಾಲ್ಕು ತಿಂಗಳು ಅದೇ ಮಾತ್ರೆ. ಕೊನೆಗೆ ಬೆಂಗಳೂರಿನಲ್ಲಿರುವ, ಅವರಂತೆಯೇ ಕಿವಿ ಕೇಳದ ಶಾಲೆಯ ಗೆಳತಿಯೊಬ್ಬರಿಗೆ ಮೊಬೈಲಿನ ವಿಡಿಯೋ ಕರೆಯಲ್ಲಿ ಹತ್ತು ನಿಮಿಷದಲ್ಲಿ ಎಲ್ಲವನ್ನೂ ಹೇಳಿಕೊಂಡರು: ನೋವು ಮುಟ್ಟಿನ ದಿನಗಳದ್ದು, ಒಂದು ವಾರದ್ದಲ್ಲ, ಒಂದು ವರ್ಷದ್ದು, ರಕ್ತ ಹೆಚ್ಚು ಹೋಗುತ್ತಿದೆ. ಗೆಳತಿ ಬಂದು ಜೊತೆಗೆ ಹೋಗಿ ಲೇಡಿ ಡಾಕ್ಟರಿಗೆ ತೋರಿಸಿದ ಮೇಲೆ ಗರ್ಭಕೋಶದಲ್ಲಿ ಗಡ್ಡೆ ಇರುವುದು ತಿಳಿಯಿತು. ಚಿಕಿತ್ಸೆಯಾಗಿ ಈಗ ಚೆನ್ನಾಗಿದ್ದಾರೆ.

ಇಲ್ಲಿ ಕೆಟ್ಟವರು ಯಾರು? ಅಣ್ಣ ಕೂಲಿ ಬಿಟ್ಟು ಕರೆದುಕೊಂಡು ಹೋದವರು. ಭಾಬಿ ನಾದಿನಿಯನ್ನು ಮಗಳಂತೆ ನೋಡಿಕೊಂಡವರು. ಹೊರಗೆ ಸಾಲು ಕಾಯುತ್ತಿದ್ದಾಗಲೂ ವೈದ್ಯರು ಸಿಡುಕಲಿಲ್ಲ. ಎಲ್ಲರೂ ಒಳ್ಳೆಯವರೇ, ಆದರೂ ಒಬ್ಬ ಹೆಣ್ಣುಮಗಳು ನಾಲ್ಕು ತಿಂಗಳು ಸುಮ್ಮನೆ ನರಳಿದರು. ಕ್ರೌರ್ಯದಿಂದ ಆಗುವ ಅನ್ಯಾಯವನ್ನು ಗುರುತಿಸುವುದು ಸುಲಭ. ಪ್ರೀತಿಯ ನಡುವೆ ಆಗುವ ಅನ್ಯಾಯ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಅದು ಬಹುಕಾಲ ಬಾಳುತ್ತದೆ.

ಆರೋಗ್ಯದ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಎಲ್ಲಿಂದ ಬಂತು ಎಂದು ಯೋಚಿಸಿ ನೋಡಿ. ಪುಸ್ತಕ ಓದಿ ಕಲಿತದ್ದು ಕಡಿಮೆ. ಹೆಚ್ಚಿನದು ಕಿವಿಗೆ ಬಿದ್ದದ್ದು. ದಾದಾನಿಗೆ ಸಕ್ಕರೆ ಕಾಯಿಲೆ ಇತ್ತು, ಕಾಲಿನ ಹುಣ್ಣು ಮಾಗಲೇ ಇಲ್ಲ ಎಂದು ಅಡುಗೆಮನೆಯಲ್ಲಿ ಹೆಂಗಸರು ಮಾತಾಡಿಕೊಂಡದ್ದು. ಎದೆನೋವು ಎಡಗೈಗೆ ಇಳಿದರೆ ತಡ ಮಾಡಬಾರದೆಂದು ಬಸ್ಸಿನಲ್ಲಿ ಪಕ್ಕದವರು ಹೇಳಿದ್ದು. ರೇಡಿಯೋದಲ್ಲಿ, ಟೀವಿಯಲ್ಲಿ, ಚಹಾ ಅಂಗಡಿಯಲ್ಲಿ ಕೇಳಿದ್ದು. ಯಾರೂ ನಮ್ಮನ್ನು ಕೂರಿಸಿ ಪಾಠ ಮಾಡಲಿಲ್ಲ. ಹುಟ್ಟಿದಾಗಿನಿಂದ ಕಿವಿಗೆ ಬೀಳುತ್ತಲೇ ಬಂದ ಈ ಜ್ಞಾನದಿಂದ ನಾವು ಅರ್ಧ ವೈದ್ಯರಾಗಿಬಿಟ್ಟಿದ್ದೇವೆ. ಕಿವುಡ ಮಗುವಿಗೆ ಯಾವುದೂ ಕಿವಿಗೆ ಬೀಳುವುದಿಲ್ಲ. ಯಾರಾದರೂ ಎದುರಿಗೆ ಕೂತು ಕೈಯಲ್ಲಿ ಹೇಳಿದರೆ ಮಾತ್ರ ಅದಕ್ಕೆ ತಿಳಿಯುತ್ತದೆ. ಮನೆಯವರಿಗೆ ಸನ್ನೆ ಗೊತ್ತಿಲ್ಲದಿದ್ದರೆ ಬಾ, ಹೋಗು, ತಿನ್ನು, ಮಲಗು ಇಷ್ಟರಲ್ಲೇ ಸಂಸಾರ ಮುಗಿಯುತ್ತದೆ. ಹಾಗೆ ಬೆಳೆದವರಿಗೆ ತಮ್ಮ ವಂಶದಲ್ಲಿ ಯಾರಿಗೆ ಯಾವ ಕಾಯಿಲೆ ಇತ್ತೆಂಬುದೂ ತಿಳಿದಿರುವುದಿಲ್ಲ. ವೈದ್ಯರು ಕೇಳುವ ಮೊದಲ ಪ್ರಶ್ನೆಯೇ ಅದು.

ಮನಸ್ಸಿನ ಆರೋಗ್ಯದ ಕಥೆ ಇನ್ನೂ ಸೂಕ್ಷ್ಮವಾದದ್ದು. ಮೂಗರಿಗೆ ಕೋಪ ಜಾಸ್ತಿ ಎಂದು ಊರಿನಲ್ಲಿ ಹೇಳುತ್ತಾರೆ. ಏಕೆ ಜಾಸ್ತಿ? ಮದುವೆಮನೆಯಲ್ಲಿ ದಸ್ತರ್‌ಖಾನಿನ ಸುತ್ತ ಎಲ್ಲರೂ ಕೂತಿದ್ದಾರೆ, ಯಾರೋ ಏನೋ ಹೇಳಿದರು, ಎಲ್ಲರೂ ನಕ್ಕರು. ಏನು ಎಂದು ಕಿವುಡ ತಮ್ಮ ಕೈಯಲ್ಲೇ ಕೇಳುತ್ತಾನೆ. ಆಮೇಲೆ ಹೇಳ್ತೀನಿ ಎಂದು ಅಣ್ಣ ಸನ್ನೆ ಮಾಡುತ್ತಾನೆ. ಆ ಆಮೇಲೆ ಎಂದೂ ಬರುವುದಿಲ್ಲ. ದಿನಕ್ಕೆ ಹತ್ತು ಸಲ, ಮೂವತ್ತು ವರ್ಷ ಹೀಗೆ ಆದರೆ ಯಾರಿಗೆ ತಾನೇ ಕೋಪ ಬರುವುದಿಲ್ಲ? ಒಂದು ದಿನ ತಟ್ಟೆ ಎತ್ತಿ ಎಸೆದಾಗ ನಾವು ಅದನ್ನು ಸ್ವಭಾವ ಎನ್ನುತ್ತೇವೆ, ಕೆಲವೊಮ್ಮೆ ಗಾಳಿ ಎನ್ನುತ್ತೇವೆ, ತಾಯಿತ ಕಟ್ಟಿಸುತ್ತೇವೆ. ತುಂಬಿದ ಮನೆಯ ನಡುವಿನ ಒಂಟಿತನಕ್ಕೆ ತಾಯಿತದಲ್ಲಿ ಔಷಧಿ ಇಲ್ಲ.

ಹಾಗಾದರೆ ಕಾಗದದಲ್ಲಿ ಬರೆದು ತೋರಿಸಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸನ್ನೆಭಾಷೆ ಎಂದರೆ ಕೈಯಲ್ಲಿ ಆಡುವ ಕನ್ನಡ ಎಂಬ ತಿಳಿವಳಿಕೆ ಇದರ ಹಿಂದಿದೆ. ಭಾರತೀಯ ಸನ್ನೆಭಾಷೆಗೆ ತನ್ನದೇ ವ್ಯಾಕರಣವಿದೆ. ಕೈಯ ಆಕಾರ, ಚಲನೆ, ಮುಖದ ಭಾವ, ಹುಬ್ಬಿನ ಏರಿಳಿತ ಎಲ್ಲ ಸೇರಿ ಅಲ್ಲಿ ವಾಕ್ಯವಾಗುತ್ತದೆ. ಕನ್ನಡದ ನಾದವನ್ನೇ ಕೇಳದವರಿಗೆ ಬರೆದ ಕನ್ನಡ ಎರಡನೆಯ ಭಾಷೆ, ಅದೂ ಸರಿಯಾದ ಶಾಲೆ ಸಿಕ್ಕಿದ್ದರೆ ಮಾತ್ರ. ದಿನಕ್ಕೆ ಎರಡು ಸಲ ಊಟದ ನಂತರ ಎಂದು ಚೀಟಿಯಲ್ಲಿ ಬರೆದುಕೊಟ್ಟು, ತಲೆಯಾಡಿಸಿದ್ದನ್ನು ನೋಡಿ, ಅರ್ಥವಾಯಿತು ಎಂದುಕೊಳ್ಳುವ ವೈದ್ಯರು ಬಹಳ. ತಲೆಯಾಡಿಸುವುದು ಕಿವುಡರು ಬಾಲ್ಯದಿಂದ ಕಲಿತ ಮರ್ಯಾದೆ. ಅರ್ಥವಾಗಲಿಲ್ಲ ಎಂದರೆ ಎದುರಿನವರ ಮುಖ ಸಿಂಡರಿಸುವುದನ್ನು ಅವರು ಸಾವಿರ ಸಲ ನೋಡಿರುತ್ತಾರೆ.

ಹಳ್ಳಿಗಳಲ್ಲಿ ಇನ್ನೊಂದು ತೊಡಕಿದೆ. ಕಿವುಡರ ಶಾಲೆಗೆ ಹೋಗದವರಿಗೆ ನಗರದ ಸನ್ನೆಭಾಷೆಯೂ ತಿಳಿದಿರುವುದಿಲ್ಲ. ತಾಯಿ, ತಂಗಿ, ಎಮ್ಮೆ, ಹೊಲ ಇವುಗಳ ನಡುವೆ ತಾವೇ ಕಟ್ಟಿಕೊಂಡ ಮನೆಸನ್ನೆಗಳಷ್ಟೇ ಅವರಲ್ಲಿರುತ್ತವೆ. ಬೆಂಗಳೂರಿನಿಂದ ದುಭಾಷಿಯನ್ನು ಕರೆತಂದರೂ ಮಾತು ದಾಟುವುದಿಲ್ಲ. ಇಂಥ ಕಡೆ ನಡುವೆ ಒಬ್ಬ ಕಿವುಡರೇ ಬೇಕಾಗುತ್ತಾರೆ. ರೋಗಿಯ ಮನೆಸನ್ನೆಯನ್ನು ಹಿಡಿದು ಅವರು ಸನ್ನೆಭಾಷೆಗೆ ತರುತ್ತಾರೆ, ದುಭಾಷಿ ಅದನ್ನು ಕನ್ನಡಕ್ಕೆ ತರುತ್ತಾರೆ. ಹೊರದೇಶಗಳ ನ್ಯಾಯಾಲಯಗಳಲ್ಲಿ, ಆಸ್ಪತ್ರೆಗಳಲ್ಲಿ ಈ ಪದ್ಧತಿ ಇದೆ. ಕಿವಿ ಕೇಳುವ ನಮಗೆ ಎಷ್ಟು ತರಬೇತಿಯಾದರೂ ಬಾರದ ಕೌಶಲ ಇದು. ಸೇವೆ ಪಡೆಯುವವರೆಂದು ನಾವು ತಿಳಿದವರು ಇಲ್ಲಿ ಸೇವೆ ಕೊಡುವವರಾಗುತ್ತಾರೆ.

ಕೈಯ ಮಾತೂ ಮಾತೇ ಎಂಬುದು ಹೊಸಗಾಲದ ವಿಚಾರ ಎಂದುಕೊಳ್ಳಬೇಕಿಲ್ಲ. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಇಸ್ತಾಂಬುಲಿನ ಆಟೋಮನ್ ಅರಮನೆಯಲ್ಲಿ ಕಿವುಡ ಸೇವಕರ ದೊಡ್ಡ ಬಳಗವೇ ಇತ್ತು. ಸುಲ್ತಾನನ ಸನ್ನಿಧಿಯಲ್ಲಿ ಮೌನ ಪಾಲಿಸಬೇಕಾಗಿದ್ದುದರಿಂದ ಅವರ ಸನ್ನೆಭಾಷೆಯನ್ನು ಆಸ್ಥಾನದವರೂ ಸುಲ್ತಾನರೂ ಕಲಿತಿದ್ದರೆಂದು ಅಲ್ಲಿಗೆ ಬಂದ ಯುರೋಪಿನ ಪ್ರವಾಸಿಗರು ಬರೆದಿದ್ದಾರೆ. ಮುಂದೆ 1869ರಿಂದ 1876ರ ನಡುವೆ ಅದೇ ಸಾಮ್ರಾಜ್ಯ ಹನಫಿ ಫಿಕ್‌ಹನ್ನು ಆಧರಿಸಿ ಮಜಲ್ಲಾ ಎಂಬ ನಾಗರಿಕ ಸಂಹಿತೆ ರೂಪಿಸಿತು. ಮಾತು ಬಾರದವನ ಪರಿಚಿತ ಸನ್ನೆ ನಾಲಗೆಯ ಹೇಳಿಕೆಗೆ ಸಮಾನ ಎಂಬುದು ಅದರ 70ನೆಯ ಕಲಮು. ಕೊಡುಕೊಳ್ಳುವಿಕೆ, ನಿಕಾಹ್ ಮೊದಲಾದ ವ್ಯವಹಾರಗಳು ಸನ್ನೆಯಿಂದ ಸಿಂಧುವಾಗುತ್ತವೆ ಎಂದು ಫಕೀಹರು ಒಪ್ಪಿದ್ದರು. ನ್ಯಾಯಾಲಯದ ಸಾಕ್ಷ್ಯದ ವಿಷಯದಲ್ಲಿ ಅವರಲ್ಲಿ ಭಿನ್ನಾಭಿಪ್ರಾಯವಿತ್ತು, ಅದನ್ನೂ ಹೇಳಬೇಕು. ಆದರೆ ಇವತ್ತಿನ ನಮ್ಮ ನಡವಳಿಕೆ ನೋಡಿ. ನಿಕಾಹ್‌ನ ದಿನ ವಧುವಿನ ಸನ್ನೆಯನ್ನು ಕಬೂಲ್ ಎಂದು ಸ್ವೀಕರಿಸುವ ಹಿರಿಯರೇ, ಅದೇ ಹೆಣ್ಣುಮಗಳಿಗೆ ಶಸ್ತ್ರಚಿಕಿತ್ಸೆ ಆಗಬೇಕಾದಾಗ ಅವಳನ್ನು ಬಿಟ್ಟು ಉಳಿದೆಲ್ಲರ ಒಪ್ಪಿಗೆ ಪಡೆಯುತ್ತಾರೆ. ಜೀವನವಿಡೀ ಜೊತೆಗಿರಬೇಕಾದ ಗಂಡನನ್ನು ಒಪ್ಪಲು ಸಾಕಾದ ಕೈ, ತನ್ನ ದೇಹದ ಮೇಲೆ ಬೀಳುವ ಕತ್ತಿಯನ್ನು ಒಪ್ಪಲು ಏಕೆ ಸಾಲುವುದಿಲ್ಲ?

ಕುರ್‌ಆನಿನ ಎಂಬತ್ತನೆಯ ಅಧ್ಯಾಯದ ಹಿನ್ನೆಲೆ ಈ ಸಂದರ್ಭದಲ್ಲಿ ನೆನಪಾಗುತ್ತದೆ. ಪ್ರವಾದಿಯವರು(ಸ) ಕುರೈಶ್ ಮುಖಂಡರೊಂದಿಗೆ ಮಾತಿನಲ್ಲಿ ತೊಡಗಿದ್ದಾಗ ಅಬ್ದುಲ್ಲಾ ಇಬ್ನ್ ಉಮ್ಮಿ ಮಕ್ತೂಮ್ ಎಂಬ ಕುರುಡರು ಏನೋ ತಿಳಿಯಬೇಕೆಂದು ನಡುವೆ ಬಂದರು. ಪ್ರವಾದಿಯವರು ಹುಬ್ಬುಗಂಟಿಕ್ಕಿ ಮುಖ ತಿರುಗಿಸಿದರು. ಆ ಕೂಡಲೇ ಎಚ್ಚರಿಕೆ ಅವತೀರ್ಣವಾಯಿತು. ಮುಂದೆ ಅದೇ ಅಬ್ದುಲ್ಲಾ ಮದೀನಾದಲ್ಲಿ ಅಝಾನ್ ಕೊಡುವವರಲ್ಲಿ ಒಬ್ಬರಾದರು. ಬಂದಾತ ದಾನ ಕೇಳಲಿಲ್ಲ ಎಂಬುದನ್ನು ಗಮನಿಸಬೇಕು. ಅವರಿಗೆ ಬೇಕಾಗಿದ್ದುದು ತಿಳಿವಳಿಕೆ, ಅದಕ್ಕಾಗಿ ಸ್ವಲ್ಪ ಗಮನ. ಆಸ್ಪತ್ರೆಯ ಬಾಗಿಲಿಗೆ ಬರುವ ಕಿವುಡರು ಕೇಳುವುದೂ ಅಷ್ಟನ್ನೇ.

ಆಧುನಿಕ ಶಿಕ್ಷಣ ಮಾತ್ರ ಬಹುಕಾಲ ಬೇರೆ ದಾರಿ ಹಿಡಿದಿತ್ತು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಕರ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಕಿವುಡ ಮಕ್ಕಳಿಗೆ ತುಟಿ ನೋಡಿ ಅರ್ಥಮಾಡಿಕೊಳ್ಳುವುದನ್ನೂ ಬಾಯಲ್ಲಿ ಮಾತಾಡುವುದನ್ನೂ ಕಲಿಸಬೇಕು, ಸನ್ನೆಯನ್ನು ಬಿಡಿಸಬೇಕು ಎಂದು ಅಲ್ಲಿ ತೀರ್ಮಾನವಾಯಿತು. ಮತ ಹಾಕಿದವರಲ್ಲಿ ಬಹುತೇಕ ಎಲ್ಲರೂ ಕಿವಿ ಕೇಳುವವರು. ಆ ತೀರ್ಮಾನದ ನೆರಳು ಲೋಕದ ನಾನಾ ಕಡೆ ಶಾಲೆಗಳ ಮೇಲೆ ಬಿದ್ದು, ಕೈಯಾಡಿಸಿದ ಮಕ್ಕಳ ಕೈಗೆ ಏಟು ಬಿತ್ತು. 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿದ ಅದೇ ಪರಂಪರೆಯ ಸಮ್ಮೇಳನ ಮಿಲಾನಿನ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಸೂಚಿಸಿತು. ನಡುವೆ 130 ವರ್ಷ ಕಳೆದಿತ್ತು. ಆ 130 ವರ್ಷ ಯಾರೂ ದುಷ್ಟತನದಿಂದ ನಡೆದುಕೊಳ್ಳಲಿಲ್ಲ. ಮಕ್ಕಳ ಒಳ್ಳೆಯದಕ್ಕೇ ಎಂದು ನಂಬಿದ್ದರು. ಮಕ್ಕಳನ್ನೂ ಬೆಳೆದ ಕಿವುಡರನ್ನೂ ಕೇಳುವುದೊಂದನ್ನು ಬಿಟ್ಟಿದ್ದರು.

ಇದರ ಅರ್ಥ ಶ್ರವಣಯಂತ್ರ ಬೇಡ, ಕಾಕ್ಲಿಯರ್ ಇಂಪ್ಲಾಂಟ್ ಬೇಡ ಎಂದಲ್ಲ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ ನಮ್ಮ ರಾಜ್ಯದ ಎಷ್ಟೋ ಮಕ್ಕಳಿಗೆ ಪ್ರಯೋಜನವಾಗಿದೆ. ಮಕ್ಕಳಲ್ಲಿ ಬರುವ ಕಿವುಡಿನಲ್ಲಿ ಸುಮಾರು ಶೇ. 60ರಷ್ಟನ್ನು ತಡೆಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಸುರಿಗೆ ರುಬೆಲ್ಲಾ ತಗಲಿದರೆ ಮಗು ಕಿವುಡಾಗಬಹುದು. ಅದನ್ನು ತಡೆಯುವ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ಶುರುವಾದಾಗ ಎದ್ದ ಗಾಳಿಸುದ್ದಿಗಳನ್ನು ನಂಬಿ ಲಸಿಕೆ ತಪ್ಪಿಸಿದವರು ಮಕ್ಕಳಿಗೆ ಅನ್ಯಾಯ ಮಾಡಿದರು. ರಕ್ತಸಂಬಂಧದ ಮದುವೆಯ ವಿಷಯದಲ್ಲೂ ಎಚ್ಚರ ಬೇಕು. ಸೋದರಮಾವನ ಸಂಬಂಧ, ಚಾಚಾನ ಮಗಳ ಸಂಬಂಧ ಎಂದು ಹಿಂದೂಗಳಲ್ಲೂ ಮುಸ್ಲಿಮರಲ್ಲೂ ಇಂಥ ಮದುವೆಗಳು ಈ ಸೀಮೆಯಲ್ಲಿ ಸಾಮಾನ್ಯ. ವಂಶವಾಹಿಯಿಂದ ಬರುವ ಕಿವುಡಿನ ಸಾಧ್ಯತೆ ಅದರಿಂದ ಹೆಚ್ಚುತ್ತದೆ. ಇದನ್ನೆಲ್ಲ ಹೇಳಲೇಬೇಕು. ಆದರೆ ಹೇಳುವ ಸಭೆಯಲ್ಲಿ ಕಿವುಡರೂ ಕುಳಿತಿರುತ್ತಾರೆ ಎಂಬ ನೆನಪು ಬೇಕು. ನಿಮ್ಮಂಥವರು ಹುಟ್ಟದಿರಲಿ ಎಂಬಷ್ಟನ್ನೇ ಅವರಿಗೆ ದಾಟಿಸಿ, ಹುಟ್ಟಿದ ಅವರಿಗಾಗಿ ಏನು ಮಾಡುತ್ತೇವೆ ಎಂಬುದನ್ನು ಹೇಳದೆ ಎದ್ದುಹೋದರೆ ಅದು ಆರೋಗ್ಯ ಪ್ರಚಾರವಾಗುವುದಿಲ್ಲ, ಅವಮಾನವಾಗುತ್ತದೆ.

ಹುಟ್ಟಿದವರೊಂದಿಗೆ ಬಾಳುವ ದಾರಿ ಹೇಗಿರಬಹುದೆಂಬುದಕ್ಕೆ ಇಸ್ರೇಲಿನ ನೆಗೆವ್ ಮರುಭೂಮಿಯ ಅಲ್-ಸಯ್ಯಿದ್ ಎಂಬ ಬೆದೂಯಿನ್ ಅರಬರ ಊರು ಉದಾಹರಣೆ. ಕುಲದೊಳಗಿನ ಮದುವೆಗಳ ಕಾರಣ ಅಲ್ಲಿ 1930ರ ದಶಕದಿಂದ ಕಿವುಡ ಮಕ್ಕಳು ಹುಟ್ಟತೊಡಗಿದರು. ಭಾಷಾವಿಜ್ಞಾನಿಗಳು ಹೋಗಿ ನೋಡುವ ಹೊತ್ತಿಗೆ ಸುಮಾರು 3,500 ಜನರ ಆ ಊರಿನಲ್ಲಿ 150 ಮಂದಿ ಕಿವುಡರಿದ್ದರು. ಯಾವ ಶಾಲೆಯೂ ಕಲಿಸದೆ ಊರಿನಲ್ಲಿ ಒಂದು ಸನ್ನೆಭಾಷೆ ಹುಟ್ಟಿತ್ತು. ಕಿವಿ ಕೇಳುವವರೂ ಅನೇಕರು ಅದನ್ನು ಆಡುತ್ತಿದ್ದರು. ಕಿವುಡರಿಗೂ ಕೇಳುವವರಿಗೂ ನಡುವೆ ಮದುವೆಗಳು ನಡೆಯುತ್ತಿದ್ದವು. ಅಲ್ಲಿನವರ ಕಿವಿ ನಮ್ಮ ಕಿವುಡರ ಕಿವಿಗಿಂತ ಉತ್ತಮವಾಗಿರಲಿಲ್ಲ. ಅವರ ನೆರೆಹೊರೆ ಉತ್ತಮವಾಗಿತ್ತು. ಕಿವುಡು ಎಷ್ಟು ದೊಡ್ಡ ಕೊರತೆ ಎಂಬುದು ಅರ್ಧ ಕಿವಿಯಿಂದ, ಅರ್ಧ ನೆರೆಯವರಿಂದ ತೀರ್ಮಾನವಾಗುತ್ತದೆ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ನಮ್ಮ ಮನಸ್ಸಿಗಿಂತ ಮುಂದಿದೆ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ಸರಕಾರಿ, ಖಾಸಗಿ ಆಸ್ಪತ್ರೆಗಳೆರಡೂ ಅಡೆತಡೆಯಿಲ್ಲದಂತಿರಬೇಕು, ಅವರಿಗೆ ಚಿಕಿತ್ಸೆಯಲ್ಲಿ ಆದ್ಯತೆ ಇರಬೇಕು ಎನ್ನುತ್ತದೆ. ಅಡೆತಡೆ ಎಂದ ಕೂಡಲೇ ನಮಗೆ ಹೊಳೆಯುವುದು ಮೆಟ್ಟಿಲು. ಗಾಲಿಕುರ್ಚಿಗಾಗಿ ಇಳಿಜಾರು ಕಟ್ಟಿ ಕೆಲಸ ಮುಗಿಯಿತೆನ್ನುತ್ತೇವೆ. ಕಿವುಡರಿಗೆ ಇಳಿಜಾರು ಎಂದರೆ ದುಭಾಷಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೂ ಚಿಕಿತ್ಸೆಯ ಮಾಹಿತಿಯನ್ನು ರೋಗಿಗೆ ತಿಳಿಯುವ ಸರಳ ಭಾಷೆಯಲ್ಲಿ ಅಥವಾ ಸನ್ನೆಭಾಷೆಯಲ್ಲಿ ಕೊಡಬೇಕೆಂದು ಹೆಸರಿಟ್ಟು ಹೇಳಿದೆ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭವಾಯಿತು; 2018ರಲ್ಲಿ 3,000 ಪದಗಳಿಂದ ಹೊರಟ ಅದರ ನಿಘಂಟು 2021ಕ್ಕೆ 10,000 ಪದಗಳಿಗೆ ಬೆಳೆಯಿತು. ಅದರಲ್ಲಿ ವೈದ್ಯಕೀಯ ಪದಗಳೂ ಇವೆ.

ಉರ್ದುವಿನಲ್ಲಿ ಸಮಾಅತ್ ಎಂಬ ಪದಕ್ಕೆ ಕಿವಿಯ ಕೇಳುವ ಶಕ್ತಿ ಎಂದು ಒಂದರ್ಥ, ನ್ಯಾಯಾಲಯದ ವಿಚಾರಣೆ ಎಂದು ಇನ್ನೊಂದರ್ಥ. ಮೊದಲನೆಯದು ಇಲ್ಲದವರಿಗೆ ಎರಡನೆಯದು ಸಿಗಬಲ್ಲದೆಂದು ಬೆಂಗಳೂರಿನ ವಕೀಲೆ ಸಾರಾ ಸನ್ನಿ ತೋರಿಸಿಕೊಟ್ಟರು. ಕಿವಿ ಕೇಳದ ಅವರು 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ, 2024ರ ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಸನ್ನೆಭಾಷೆಯ ದುಭಾಷಿಯ ನೆರವಿನೊಂದಿಗೆ ಹಾಜರಾದರು. ಉಚ್ಚ ನ್ಯಾಯಾಲಯ ಒಬ್ಬ ವಕೀಲೆಯ ಕೈಗಳ ವಾದವನ್ನು ಆಲಿಸಬಹುದಾದರೆ, ತಾಲ್ಲೂಕಿನ ಆಸ್ಪತ್ರೆ ಒಬ್ಬ ರೋಗಿಯ ಕೈಗಳ ನೋವನ್ನು ಆಲಿಸಲಾರದೇ?

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಶ್ರವಣದೋಷವುಳ್ಳವರು ಸುಮಾರು 2 ಲಕ್ಷ 35 ಸಾವಿರ. ಅವರಲ್ಲಿ ಸನ್ನೆಯಿಂದಲೇ ಬಾಳುವವರು ಇನ್ನೂ ಕಡಿಮೆ. ಒಂದು ಊರಿಗೆ ನಾಲ್ಕೈದು ಮಂದಿ ಇರಬಹುದು. ಔಷಧಿಗೇ ತತ್ವಾರವಿರುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವರಿಗಾಗಿ ದುಭಾಷಿಯನ್ನು ಇಡುವುದು ಹೇಗೆ? ತರಬೇತಾದ ದುಭಾಷಿಗಳು ದೇಶದಲ್ಲೇ ಬಹಳ ಕಡಿಮೆ. ಆಕ್ಷೇಪ ನಿಜ. ಆದರೆ ಅಪರೂಪದ ರಕ್ತದ ಗುಂಪಿನವನೊಬ್ಬ ಬಂದರೆ ನಿಮ್ಮಂಥವರು ಕಡಿಮೆ ಎಂದು ಹೇಳಿ ಯಾರೂ ಕಳಿಸುವುದಿಲ್ಲ. ಹತ್ತು ಕಡೆ ಫೋನು ಮಾಡುತ್ತಾರೆ, ಹುಡುಗರು ಬೈಕಿನಲ್ಲಿ ಓಡುತ್ತಾರೆ, ಹೇಗೋ ಹೊಂದಿಸುತ್ತಾರೆ. ಸಂಖ್ಯೆ ಕಡಿಮೆಯಿದ್ದಾಗ ಹುಡುಕುವ ಕಷ್ಟ ಹೆಚ್ಚುತ್ತದೆ, ಕರ್ತವ್ಯ ಕಡಿಮೆಯಾಗುವುದಿಲ್ಲ.

ಹುಡುಕುವುದನ್ನು ಎಲ್ಲಿಂದ ಶುರುಮಾಡಬೇಕು? ಕನ್ನಡದ ಕೇಳು ಎಂಬ ಕ್ರಿಯಾಪದದಲ್ಲಿ ದಾರಿ ಇದೆ. ಕಿವಿಗೊಡುವುದು ಎಂದು ಅದಕ್ಕೆ ಒಂದರ್ಥ, ಪ್ರಶ್ನಿಸುವುದು ಎಂದು ಇನ್ನೊಂದರ್ಥ. ಪ್ರಶ್ನಿಸದವರಿಗೆ ಕಿವಿಗೊಡಲು ಏನೂ ಇರುವುದಿಲ್ಲ. ಅಮೆರಿಕದ ರಾಚೆಸ್ಟರ್ ನಗರದಲ್ಲಿ ಕಿವುಡರ ಸಂಖ್ಯೆ ದೊಡ್ಡದು. ಆದರೂ ಅಲ್ಲಿನ ಆರೋಗ್ಯ ಸಮೀಕ್ಷೆಗಳು ಫೋನಿನ ಮೂಲಕ ನಡೆಯುತ್ತಿದ್ದುದರಿಂದ ಅವರು ಲೆಕ್ಕಕ್ಕೇ ಬರುತ್ತಿರಲಿಲ್ಲ. ರಾಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಕಿವುಡರನ್ನು ಜೊತೆಗೆ ಕೂರಿಸಿಕೊಂಡು ಪ್ರಶ್ನೆಗಳನ್ನು ರೂಪಿಸಿ, ಅವನ್ನು ಸನ್ನೆಭಾಷೆಯ ವಿಡಿಯೋ ಮಾಡಿ, ಕಂಪ್ಯೂಟರ್ ಪರದೆ ಮುಟ್ಟಿ ಉತ್ತರಿಸುವಂತೆ 2008ರಲ್ಲಿ ಸಮೀಕ್ಷೆ ನಡೆಸಿದರು. ಬೊಜ್ಜು, ಸಂಗಾತಿಯಿಂದ ಹಿಂಸೆ, ಆತ್ಮಹತ್ಯೆಯ ಯತ್ನ ಇವು ಊರಿನ ಇತರರಿಗಿಂತ ಕಿವುಡರಲ್ಲಿ ಹೆಚ್ಚು ಎಂದು ಅದರಿಂದ ಹೊರಬಂತು. ಧೂಮಪಾನ ಮಾತ್ರ ಕಡಿಮೆ ಇತ್ತು. ಹೊರಗಿನವರು ಊಹಿಸಿ ಕಾರ್ಯಕ್ರಮ ಮಾಡಿದ್ದರೆ ಬಹುಶಃ ಬೀಡಿ ಸಿಗರೇಟಿನ ವಿರುದ್ಧವೇ ಭಿತ್ತಿಪತ್ರ ಅಂಟಿಸುತ್ತಿದ್ದರು. ಮನೆಯೊಳಗಿನ ಹಿಂಸೆಯ ಸುದ್ದಿ ಕಿವುಡ ಹೆಣ್ಣುಮಕ್ಕಳೇ ಹೇಳದೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೊಡೆಯುವವನನ್ನೇ ದುಭಾಷಿಯಾಗಿ ಕರೆದುಕೊಂಡು ಬರುವವಳು ಅದನ್ನು ಹೇಗೆ ಹೇಳಬಲ್ಲಳು?

ನಮ್ಮ ಕಡೆ ನಡೆಯುವ ಶಿಬಿರಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಶಾಮಿಯಾನ, ಬ್ಯಾನರು, ಮುಖ್ಯ ಅತಿಥಿಗಳಿಗೆ ಶಾಲು. ಕಿವುಡರ ದಿನಾಚರಣೆಯಲ್ಲಿ ಮೈಕಿನಲ್ಲಿ ಒಂದು ಗಂಟೆ ಭಾಷಣ. ಯಾರ ದಿನವೋ ಅವರು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆಯ ಹೊತ್ತಿಗೆ ಚಪ್ಪಾಳೆ ತಟ್ಟುತ್ತಾರೆ. ಶ್ರವಣಯಂತ್ರ ಹಂಚಿ ಫೋಟೋ ತೆಗೆಯುತ್ತಾರೆ. ಮೂರು ತಿಂಗಳಿಗೆ ಬ್ಯಾಟರಿ ಮುಗಿದು ಯಂತ್ರ ಟ್ರಂಕು ಸೇರುತ್ತದೆ. ಕೊಟ್ಟವರ ನಿಯತ್ತಿನ ಬಗ್ಗೆ ನಮಗೆ ಸಂಶಯವಿಲ್ಲ. ನಿಮಗೇನು ಬೇಕು ಎಂದು ಕೇಳುವುದು ಕಾರ್ಯಕ್ರಮ ಪಟ್ಟಿಯಲ್ಲಿ ಇರುವುದಿಲ್ಲ, ಅಷ್ಟೇ.

ಕೇಳಿದ್ದರೆ ಬರುತ್ತಿದ್ದ ಉತ್ತರಗಳು ದೊಡ್ಡ ಖರ್ಚಿನವಲ್ಲ. ಆಸ್ಪತ್ರೆಯಲ್ಲಿ ಹೆಸರು ಕೂಗುತ್ತಾರೆ. ಕೇಳಿಸದವರು ಬೆಳಿಗ್ಗೆಯಿಡೀ ಕೂತು ಸರದಿ ತಪ್ಪಿಸಿಕೊಳ್ಳುತ್ತಾರೆ. ಚೀಟಿ ಕೊಟ್ಟು ನಂಬರು ತೋರಿಸಿದರೆ ಸಾಕು. ವೈದ್ಯರು ಮೇಜಿನ ಮೇಲೆ ಮೊಬೈಲು ನಿಲ್ಲಿಸಿ ವಿಡಿಯೋ ಕರೆಯಲ್ಲಿ ದುಭಾಷಿಯನ್ನು ಕರೆಯಬಹುದು; ಜಿಲ್ಲೆಗೆ ಕೆಲವರಿದ್ದರೂ ಎಲ್ಲ ಕೇಂದ್ರಗಳಿಗೆ ಒದಗುತ್ತಾರೆ. 108ಕ್ಕೆ ಕರೆ ಮಾಡಲಾರದವರ ಪರವಾಗಿ ಯಾರು ಕರೆಯಬೇಕೆಂದು ಬೀದಿಯಲ್ಲಿ ಮೊದಲೇ ನಿಶ್ಚಯಿಸಿಕೊಳ್ಳಬಹುದು. ಯಾವ ಮನೆಯಲ್ಲಿ ಕಿವುಡರಿದ್ದಾರೆಂದು ಆಶಾ ಕಾರ್ಯಕರ್ತೆಗೆ ಗೊತ್ತು, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೂ ಗೊತ್ತು. ಇವರಿಗೆ ನೂರು ಸನ್ನೆ ಕಲಿಸಿದರೆ ನಮಸ್ಕಾರ ಹೇಳಲು, ನೋವೆಲ್ಲಿ ಎಂದು ಕೇಳಲು ಸಾಕಾಗುತ್ತದೆ. ಶಸ್ತ್ರಚಿಕಿತ್ಸೆಯ ಒಪ್ಪಿಗೆಗೆ ಅದು ಸಾಲದು, ಅಲ್ಲಿ ಪೂರ್ಣ ದುಭಾಷಿಯೇ ಬೇಕು. ಕಿವುಡರ ಶಾಲೆಯಲ್ಲಿ ಓದಿ ಬಂದ ಯುವಕ ಯುವತಿಯರನ್ನು ಆರೋಗ್ಯದ ಕೆಲಸಕ್ಕೆ ತೆಗೆದುಕೊಳ್ಳಬೇಕು, ಸಂಬಳ ಕೊಟ್ಟು. ದುಭಾಷಿ ಮನೆಯವರಾಗಿರಬಾರದು, ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ ಇರಬೇಕು, ಕೇಳಿದ್ದನ್ನು ಹೊರಗೆ ಹೇಳಬಾರದು.

ಮಸೀದಿ, ದೇವಸ್ಥಾನ, ಚರ್ಚುಗಳಿಗೂ ಇದರಲ್ಲಿ ಪಾಲಿದೆ. ನೆಮ್ಮದಿ ಎಂಬುದು ಮಾತ್ರೆಯಿಂದ ಮಾತ್ರ ಬರುವುದಿಲ್ಲ. ಪ್ರತಿ ಶುಕ್ರವಾರ ಖುತ್ಬಾದ ಹೊತ್ತಿಗೆ ಖತೀಬರ ತುಟಿಯನ್ನೇ ನೋಡುತ್ತಾ ಕೂರುವ ಕಿವುಡನಿಗೆ ತಾನೂ ಈ ಜಮಾಅತಿನವನು ಎನಿಸುವುದು ಹೇಗೆ? ಕೇರಳದ ಮಲಪ್ಪುರಂ ಜಿಲ್ಲೆಯ ಪುಳಿಕ್ಕಲ್‌ನಲ್ಲಿ ಖುತ್ಬಾವನ್ನು ಸನ್ನೆಭಾಷೆಯಲ್ಲಿ ತಿಳಿಸುವ ಮಸೀದಿ 2017ರಲ್ಲಿ ತೆರೆಯಿತು. ಕಾಲಿಗೆ ನೀರು ಹಾಕಿಕೊಳ್ಳಲು ತಗ್ಗಿನ ನಲ್ಲಿ, ಗಾಲಿಕುರ್ಚಿಗೆ ದಾರಿ ಇವುಗಳ ಜೊತೆಗೆ ಕೈಗಳ ಮಾತಿಗೂ ಅಲ್ಲಿ ಜಾಗ ಮಾಡಿದ್ದಾರೆ. ಬೂದಿಗೆರೆಯಂಥ ಊರಿನಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೆರಿಗೆ, ಲಸಿಕೆ ಇವುಗಳ ಬಗ್ಗೆ ಜನಕ್ಕೆ ತಿಳಿಹೇಳುವ ಸಭೆ ಎಲ್ಲಿ ನಡೆದರೂ ಒಬ್ಬರು ಎದ್ದು ನಿಂತು ಕೈಯಲ್ಲಿ ಹೇಳುವಂತಾದರೆ, ಕಿವಿಗೆ ಬೀಳದ್ದು ಕಣ್ಣಿಗಾದರೂ ಬೀಳುತ್ತದೆ.

ಮೊದಲ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಕೇಳದೆ ಮಾಡಿದ ಉಪಕಾರದಲ್ಲಿ ಮಾಡಿದವರ ತೃಪ್ತಿ ಇರುತ್ತದೆ. ಪಡೆದವರ ಒಳಿತು ಇರಬಹುದು, ಇಲ್ಲದಿರಬಹುದು, ಅದು ಆಕಸ್ಮಿಕ. ಆ ಹೊಲಿಗೆಯ ಹೆಣ್ಣುಮಗಳಿಗೆ ಔಷಧಿಯೂ ಇತ್ತು, ವೈದ್ಯರೂ ಇದ್ದರು, ಪ್ರೀತಿಸುವ ಮನೆಯವರೂ ಇದ್ದರು. ಅವರ ಗೆಳತಿ ತಂದದ್ದು ಒಂದೇ: ಎದುರಿಗೆ ಕೂತು, ಅವರ ಭಾಷೆಯಲ್ಲಿ, ಏನಾಗುತ್ತಿದೆ ಎಂದು ಅವರನ್ನೇ ಕೇಳಿದ್ದು. ಈಚೆಗೆ ಭಾಬಿ ನಾದಿನಿಯ ಹೊಲಿಗೆ ಯಂತ್ರದ ಪಕ್ಕ ಕೂತು ಬೆರಳುಗಳ ಆಕಾರ ಕಲಿಯುತ್ತಿದ್ದಾರೆ. ನಲವತ್ತರ ವಯಸ್ಸಿನಲ್ಲಿ ಬೆರಳು ಬಾಗುವುದಿಲ್ಲ ಎಂದು ನಗುತ್ತಾರೆ. ಮನೆಯ ಮಕ್ಕಳು ಆಗಲೇ ಅವರಿಗಿಂತ ಮುಂದಿದ್ದಾರೆ.